ಡಿಸ್‌ಪೆಡಗೋಜಿಯಾ: ನೆಲ ಡೊಂಕೆಂದವರ ಕಥೆ

ಕಲಿಯಲಾರದ ಮಗುವನ್ನು ಕರೆಯಲು ನಮ್ಮ ನುಡಿಯಲ್ಲಿ ಹೆಸರುಗಳಿಗೆ ಬರವಿಲ್ಲ. ದಡ್ಡ, ಪೆದ್ದ, ಮೊದ್ದು, ಮಂಕ, ಶತದಡ್ಡ, ಕಲ್ಲುತಲೆ. ಇಷ್ಟು ಸಾಲದೆಂದು ಕತ್ತೆ, ಎಮ್ಮೆ, ಕೋಣಗಳನ್ನೂ ತರಗತಿಯೊಳಗೆ ಎಳೆದು ತಂದಿದ್ದೇವೆ. ಆದರೆ ಕಲಿಸಲಾರದ ಶಾಲೆಗೆ ಏನೆಂದು ಹೆಸರು? ಮಕ್ಕಳಿಗೆ ತಲುಪದ ಪಾಠಕ್ಕೆ ಏನೆನ್ನುತ್ತೇವೆ? ‘ದುರ್ಬೋಧನೆ’ ಎಂಬ ಪದವಿದೆ, ನಿಜ. ಆದರೆ ಅದು ಕಿವಿಯೂದುವವರ, ಕೆಟ್ಟ ದಾರಿಗೆ ಎಳೆಯುವವರ ಮಾತಿಗೆ ಸಂದುಹೋಗಿದೆ. ಒಳ್ಳೆಯದನ್ನೇ ಕಲಿಸಲು ಹೊರಟು, ಕಲಿಸುವ ಕ್ರಮ ತಪ್ಪಿ, ಮಗು ಓದುಬರಹವಿಲ್ಲದೆ ಉಳಿದರೆ ಆ ದೋಷಕ್ಕೆ ನಮ್ಮಲ್ಲಿ ದಿನಬಳಕೆಯ ಹೆಸರಿಲ್ಲ. ಹೆಸರಿಲ್ಲದ ದೋಷಕ್ಕೆ ಹೊಣೆಗಾರರೂ ಇರುವುದಿಲ್ಲ. ಕೊನೆಗೆ ಎಲ್ಲವೂ ಮಗುವಿನ ಹಣೆಬರಹಕ್ಕೆ ಸೇರಿಬಿಡುತ್ತದೆ.

ಇಂಗ್ಲಿಷಿನಲ್ಲಿ ಇಂತಹದೊಂದು ಪದ ಹುಟ್ಟಿದೆ. ಅದೇ ‘ಡಿಸ್‌ಪೆಡಗೋಜಿಯಾ’. ಸಾಮಾನ್ಯ ನಿಘಂಟುಗಳಲ್ಲಿ ಸುಲಭವಾಗಿ ಸಿಗುವ ಪದವಲ್ಲ. ಶಿಕ್ಷಣದ ಬಗ್ಗೆ ಬರೆಯುವವರ ನಡುವೆ ಓಡಾಡಿಕೊಂಡಿರುವ, ಅರ್ಧ ಶಾಸ್ತ್ರದ, ಅರ್ಧ ಚುಚ್ಚುಮಾತಿನ ಪದ. ಇದಕ್ಕೊಂದು ಕಿರಿಯ ಸೋದರನೂ ಉಂಟು, ‘ಡಿಸ್‌ಟೀಚಿಯಾ’. ಅದಕ್ಕೆ ಗ್ರೀಕ್ ತಲೆ, ಇಂಗ್ಲಿಷ್ ನಡು, ಲ್ಯಾಟಿನ್ ಛಾಯೆಯ ಬಾಲ. ಪಂಡಿತರ ಪದಗಳನ್ನು ಅಣಕಿಸಲೆಂದೇ ಹೆಣೆದಂತೆ ಕೇಳಿಸುತ್ತದೆ. ಪದ ಸಣ್ಣದಾದರೂ ಅದು ಎತ್ತುವ ಪ್ರಶ್ನೆ ಸಣ್ಣದಲ್ಲ. ಮಗು ಓದಲು ಕಲಿಯದಿದ್ದಾಗ ದೋಷವನ್ನು ಎಲ್ಲಿ ಹುಡುಕಬೇಕು? ಮಗುವಿನ ತಲೆಯಲ್ಲೋ, ಮನೆಯಲ್ಲೋ ಅಥವಾ ಕರಿಹಲಗೆಯ ಮುಂದೆಯೋ?

ಮೊದಲು ಪದವನ್ನೇ ಬಿಡಿಸಿ ನೋಡೋಣ. ಗ್ರೀಕಿನಲ್ಲಿ ‘ಡಿಸ್’ ಎಂದರೆ ಕೆಟ್ಟ, ಕಷ್ಟದ, ಸರಿಯಿಲ್ಲದ ಎಂದರ್ಥ. ನಮ್ಮ ‘ದುಸ್’, ‘ದುರ್’ ಎಂಬ ಉಪಸರ್ಗಗಳ ದೂರದ ನೆಂಟ. ‘ಪೈಸ್’ ಎಂದರೆ ಮಗು, ‘ಅಗೊಗೊಸ್’ ಎಂದರೆ ಕರೆದೊಯ್ಯುವವನು. ಎರಡೂ ಸೇರಿ ‘ಪೈಡಗೊಗೊಸ್’. ಈ ಪೈಡಗೊಗೊಸ್ ಯಾರು ಗೊತ್ತೇ? ಪ್ರಾಚೀನ ಗ್ರೀಸಿನಲ್ಲಿ ಉಳ್ಳವರ ಮಗನನ್ನು ಶಾಲೆಗೆ ಕರೆದೊಯ್ದು, ಮರಳಿ ಕರೆತಂದು, ಅವನ ನಡೆನುಡಿಯ ಮೇಲೆ ಕಣ್ಣಿಡುತ್ತಿದ್ದ ಮನೆಯ ಗುಲಾಮ. ಪಾಠ ಹೇಳುವವನು ಬೇರೆ, ಅವನನ್ನು ‘ಡಿಡಾಸ್ಕಲೋಸ್’ ಎನ್ನುತ್ತಿದ್ದರು. ಕಾಲಾಂತರದಲ್ಲಿ ಗುಲಾಮನ ಹೆಸರೇ ಮೇಷ್ಟರ ಹೆಸರಾಯಿತು, ಮೇಷ್ಟರ ವಿದ್ಯೆ ‘ಪೆಡಗಾಜಿ’ ಆಯಿತು. ಅಂದರೆ ಡಿಸ್‌ಪೆಡಗೋಜಿಯಾ ಎಂಬುದನ್ನು ಅಕ್ಷರಶಃ ಬಿಡಿಸಿದರೆ ‘ಮಗುವನ್ನು ಕೆಟ್ಟದಾಗಿ ಕರೆದೊಯ್ಯುವುದು’ ಎಂದಾಗುತ್ತದೆ. ಮಗು ದಾರಿ ತಪ್ಪಿತು ಎನ್ನುವ ಮೊದಲು, ಕೈ ಹಿಡಿದವರಿಗೆ ದಾರಿ ಗೊತ್ತಿತ್ತೇ ಎಂದು ಕೇಳು ಎನ್ನುವ ಪದ ಇದು.

ಈ ಪದ ಹುಟ್ಟಿದ್ದು ಇನ್ನೊಂದು ಪದಕ್ಕೆ ಎದುರಾಗಿ. ಆ ಇನ್ನೊಂದು ಪದ ಈಗ ನಮ್ಮ ಮನೆಗಳಲ್ಲೂ ಕೇಳಿಬರುವ ‘ಡಿಸ್‌ಲೆಕ್ಸಿಯಾ’. ಅದರ ಕಥೆ ಜರ್ಮನಿಯಲ್ಲಿ ಆರಂಭವಾಗುತ್ತದೆ. ಕಣ್ಣು, ಬುದ್ಧಿ, ಮಾತು ಎಲ್ಲ ಸರಿಯಿದ್ದೂ ಓದುವ ಶಕ್ತಿ ಕಳೆದುಕೊಂಡವರನ್ನು ಕುರಿತು ಅಡಾಲ್ಫ್ ಕುಸ್‌ಮಾಲ್ ಎಂಬ ವೈದ್ಯ 1877ರಲ್ಲಿ ‘ಪದಗುರುಡು’ ಎಂಬರ್ಥದ ಮಾತನ್ನು ಬಳಸಿದ. ಹತ್ತು ವರ್ಷಗಳ ನಂತರ, 1887ರಲ್ಲಿ, ಸ್ಟುಟ್‌ಗಾರ್ಟಿನ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ ತನ್ನ ಕಿರುಗ್ರಂಥದಲ್ಲಿ ಅದಕ್ಕೆ ಡಿಸ್‌ಲೆಕ್ಸಿಯಾ ಎಂಬ ಹೆಸರನ್ನು ಬಳಕೆಗೆ ತಂದ. ಆಗ ಅವರ ಮುಂದಿದ್ದವರು ಮಿದುಳಿಗೆ ಪೆಟ್ಟಾದ ದೊಡ್ಡವರು. ಮಕ್ಕಳ ಮಾತು ಬಂದದ್ದು 1896ರಲ್ಲಿ. ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನ ಬಗ್ಗೆ ಬರೆದ. ಹುಡುಗ ಚುರುಕು, ಲೆಕ್ಕ ಬರುತ್ತಿತ್ತು, ಅಕ್ಷರ ಗೊತ್ತಿತ್ತು. ಆದರೆ ಪದಗಳನ್ನು ಓದಲಾಗುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಇವನೇ ಶಾಲೆಗೆ ಎಲ್ಲರಿಗಿಂತ ಜಾಣನಾಗುತ್ತಿದ್ದ ಎಂದು ಅವನ ಮೇಷ್ಟರು ಹೇಳಿದ್ದನ್ನು ಮಾರ್ಗನ್ ದಾಖಲಿಸಿದ್ದಾನೆ. ಆ ಮಾತನ್ನು ನಾವು ಮರೆಯಬಾರದು. ಕಲಿಸುವ ರೀತಿ ಬದಲಾದರೆ ಮಗುವಿನ ಸ್ಥಾನವೂ ಬದಲಾಗುತ್ತದೆ ಎಂಬ ಸುಳಿವು ರೋಗದ ಮೊದಲ ವರದಿಯಲ್ಲೇ ಇತ್ತು!

ಮುಂದೆ ಅಮೆರಿಕದಲ್ಲಿ ಈ ವಿಚಾರ ದೊಡ್ಡದಾಯಿತು. 1963ರಲ್ಲಿ ಷಿಕಾಗೋದಲ್ಲಿ ಸೇರಿದ್ದ ತಂದೆತಾಯಿಗಳ ಸಭೆಯಲ್ಲಿ ಸ್ಯಾಮ್ಯುಯೆಲ್ ಕರ್ಕ್ ಎಂಬ ಶಿಕ್ಷಣತಜ್ಞ ‘ಕಲಿಕಾ ನ್ಯೂನತೆ’ ಎಂಬರ್ಥದ ಪದವನ್ನು ಮುಂದಿಟ್ಟರು. ಪಾಲಕರಿಗೆ ಅದು ಎದೆಯ ಭಾರ ಇಳಿಸಿದ ಪದ. ತಮ್ಮ ಮಗು ದಡ್ಡನಲ್ಲ, ಸೋಮಾರಿಯಲ್ಲ, ತಾವು ಕೆಟ್ಟ ತಂದೆತಾಯಿಗಳಲ್ಲ ಎಂದು ಹೇಳಿಕೊಳ್ಳಲು ಒಂದು ಗೌರವದ ಮಾತು ಸಿಕ್ಕಿತು. ಅದರ ಉಪಕಾರವನ್ನು ಯಾರೂ ಅಲ್ಲಗಳೆಯುವಂತಿಲ್ಲ. 1975ರ ಕಾನೂನಿನ ಮೂಲಕ ಅಂಥ ಮಕ್ಕಳಿಗೆ ವಿಶೇಷ ಶಿಕ್ಷಣದ ಹಕ್ಕು ದೊರೆಯಿತು.

ಆದರೆ ಈ ಪದದ ಬೆನ್ನಿಗೆ ಒಂದು ನೆರಳೂ ಬಂತು. ಓದು ಬಾರದ ಮಗುವನ್ನೆಲ್ಲ ಪರೀಕ್ಷೆಗೆ ಒಡ್ಡಿ, ಅದರ ನರಮಂಡಲದಲ್ಲೇ ಕೊರತೆಯಿದೆ ಎಂದು ಬರೆದು ಕೈತೊಳೆದುಕೊಳ್ಳಲು ಶಾಲೆಗಳಿಗೆ ಅನುಕೂಲವಾಯಿತು. ನಮ್ಮಲ್ಲೊಂದು ಗಾದೆಯಿದೆ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು. ಇಲ್ಲಿ ನೆಲವಾದದ್ದು ಮಗು. ಈ ಹೊತ್ತಿನಲ್ಲೇ, 1971ರಲ್ಲಿ, ಎಸ್. ಅಲನ್ ಕೋಹೆನ್ ಎಂಬ ವಿದ್ವಾಂಸರು ಓದಿನಲ್ಲಿ ಹಿಂದುಳಿಯುವಿಕೆಗೆ ಡಿಸ್‌ಪೆಡಗೋಜಿಯಾ ಕಾರಣ ಎಂಬ ತಲೆಬರಹದ ಲೇಖನವನ್ನೇ ಬರೆದರು. ಅವರು ದೊಡ್ಡ ನಗರಗಳ ಬಡ ಮಕ್ಕಳ ಓದನ್ನು ಕುರಿತು ಕೆಲಸ ಮಾಡಿದವರು. ಎಲ್ಲರಿಗೂ ಓದು ಕಲಿಸಿ ಎಂಬರ್ಥದ ಹೆಸರಿನ ಅವರ ಪುಸ್ತಕ 1969ರಲ್ಲೇ ಬಂದಿತ್ತು. ಅವರ ವಾದದ ತಿರುಳು ಸರಳ. ಓದು ಬಾರದ ಬಹಳಷ್ಟು ಮಕ್ಕಳಲ್ಲಿ ಕಾಣುವುದು ಮಗುವಿನ ರೋಗವಲ್ಲ, ಬೋಧನೆಯ ರೋಗ. ಸರಿಯಾದ ಕ್ರಮದಲ್ಲಿ, ಸಾಕಷ್ಟು ತೀವ್ರವಾಗಿ ಕಲಿಸದೆ ಮಗುವಿನ ಮಿದುಳನ್ನು ದೂರುವುದು ನ್ಯಾಯವಲ್ಲ.

ಕೋಹೆನ್ ಆಡಿದ ಜಾಣತನವನ್ನು ಗಮನಿಸಬೇಕು. ವೈದ್ಯರ ಪದಗಳಿಗೆ ಸಮಾಜದಲ್ಲಿ ತೂಕ ಹೆಚ್ಚು. ‘ಮೇಷ್ಟರು ಸರಿಯಾಗಿ ಕಲಿಸಲಿಲ್ಲ’ ಎಂದರೆ ಅದು ಪಾಲಕರ ದೂರು. ‘ಡಿಸ್‌ಪೆಡಗೋಜಿಯಾ’ ಎಂದರೆ ಅದು ರೋಗನಿದಾನ. ಮಗುವಿನ ಕಡತದಲ್ಲಿ ಗ್ರೀಕ್ ಹೆಸರು ಬರೆಯುವವರಿಗೆ ಅದೇ ಗ್ರೀಕಿನಲ್ಲಿ ಉತ್ತರ ಕೊಟ್ಟಂತಾಯಿತು.

ಇದು ಬರಿಯ ಪದಗಳ ಜಗಳವಾಗಿದ್ದರೆ ನಾವು ಇಷ್ಟು ಬರೆಯಬೇಕಿರಲಿಲ್ಲ. ಹಣೆಪಟ್ಟಿ ಯಾರ ಹಣೆಗೆ ಬೀಳುತ್ತದೆ ಎಂಬುದನ್ನು ನೋಡಿದರೆ ವಿಷಯದ ಗಾಂಭೀರ್ಯ ತಿಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಒಂಬತ್ತು ಮಕ್ಕಳನ್ನು ಬುದ್ಧಿಮಾಂದ್ಯರ ತರಗತಿಗೆ ಹಾಕಿದ್ದರು. ಅವರ ಮನೆಯ ಮಾತು ಸ್ಪ್ಯಾನಿಷ್, ಅವರ ಬುದ್ಧಿಯನ್ನು ಅಳೆದದ್ದು ಇಂಗ್ಲಿಷಿನಲ್ಲಿ. ಸ್ಪ್ಯಾನಿಷಿನಲ್ಲಿ ಮತ್ತೆ ಅಳೆದಾಗ ಅವರಲ್ಲಿ ಹೆಚ್ಚಿನವರು ಬುದ್ಧಿಮಾಂದ್ಯರಲ್ಲ ಎಂದು ತಿಳಿಯಿತು. ‘ಡಯಾನಾ’ ಮೊಕದ್ದಮೆ ಎಂದು ಹೆಸರಾದ ಈ ವ್ಯಾಜ್ಯ 1970ರಲ್ಲಿ ರಾಜಿಯಲ್ಲಿ ಕೊನೆಗೊಂಡು, ಮಕ್ಕಳನ್ನು ಅವರವರ ಭಾಷೆಯಲ್ಲೇ ಪರೀಕ್ಷಿಸಬೇಕೆಂದು ಒಪ್ಪಿಗೆಯಾಯಿತು. ಮರುವರ್ಷವೇ ಕಪ್ಪು ಮಕ್ಕಳ ಪರವಾಗಿ ‘ಲ್ಯಾರಿ ಪಿ.’ ಮೊಕದ್ದಮೆ ಹೂಡಲಾಯಿತು. ಸ್ಯಾನ್‌ಫ್ರಾನ್ಸಿಸ್ಕೋದ ಶಾಲೆಗಳಲ್ಲಿ ಕಪ್ಪು ಮಕ್ಕಳ ಪ್ರಮಾಣ ಶೇ. 28.5. ಆದರೆ ಬುದ್ಧಿಮಾಂದ್ಯರ ತರಗತಿಗಳಲ್ಲಿ ಅವರ ಪ್ರಮಾಣ ಶೇ. 66! 1979ರಲ್ಲಿ ನ್ಯಾಯಾಧೀಶ ರಾಬರ್ಟ್ ಪೆಕ್‌ಹ್ಯಾಮ್ ಮಕ್ಕಳ ಪರವಾಗಿ ತೀರ್ಪಿತ್ತರು.

ಇನ್ನೊಂದು ಕಡೆ, ಕಲಿಕಾ ನ್ಯೂನತೆ ಎಂಬ ಮೆದುವಾದ ಹೆಸರು ಯಾರಿಗೆ ಸಿಕ್ಕಿತು? ಬಡತನದಿಂದಲೋ ಸಾಂಸ್ಕೃತಿಕ ಕೊರತೆಯಿಂದಲೋ ಹಿಂದುಳಿದ ಮಗು ಈ ವರ್ಗಕ್ಕೆ ಸೇರದು ಎಂದು ಕಾನೂನಿನ ವ್ಯಾಖ್ಯೆಯೇ ಹೇಳುತ್ತಿತ್ತು. ಹೀಗಾಗಿ ಆ ಹೆಸರು ಮೊದಮೊದಲು ಮಧ್ಯಮವರ್ಗದ ಬಿಳಿಯ ಮಕ್ಕಳಿಗೆ ಆಸರೆಯಾಯಿತೆಂದು ಕ್ರಿಸ್ಟೀನ್ ಸ್ಲೀಟರ್ 1986ರಲ್ಲಿ ಬರೆದರು. ಉಳ್ಳವರ ಮಗ ಓದದಿದ್ದರೆ ಅದು ನ್ಯೂನತೆ, ಇಲ್ಲದವರ ಮಗ ಓದದಿದ್ದರೆ ಅದು ಮಾಂದ್ಯ. ಇಬ್ಬರಿಗೂ ಪಾಠ ಹೇಳಿದ ರೀತಿಯನ್ನು ಮಾತ್ರ ಯಾರೂ ಪರೀಕ್ಷಿಸಲಿಲ್ಲ.

ನ್ಯಾಯಾಲಯ ಅದನ್ನೂ ಪರೀಕ್ಷಿಸಲಿ ಎಂದು ಒಬ್ಬ ಯುವಕ ಕೇಳಿದ್ದುಂಟು. ಹೈಸ್ಕೂಲು ಮುಗಿಸಿ ಪ್ರಮಾಣಪತ್ರ ಪಡೆದ ಅವನಿಗೆ ಐದನೆಯ ತರಗತಿಯ ಮಟ್ಟದಷ್ಟೇ ಓದು ಬರುತ್ತಿತ್ತೆಂಬುದು ದೂರು. ‘ಪೀಟರ್ ಡಬ್ಲ್ಯೂ.’ ಎಂಬ ಹೆಸರಿನ ಆ ಮೊಕದ್ದಮೆಯನ್ನು 1976ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ತಳ್ಳಿಹಾಕಿತು. ಬೋಧನೆಯ ಬಗ್ಗೆ ಒಂದಕ್ಕೊಂದು ವಿರುದ್ಧವಾದ ಸಿದ್ಧಾಂತಗಳಿವೆ, ಮಗು ಕಲಿಯದಿರಲು ಶಾಲೆಯ ಹೊರಗಿನ ಕಾರಣಗಳೂ ಹಲವು, ಆದ್ದರಿಂದ ಶಾಲೆಯ ನಿರ್ಲಕ್ಷ್ಯವನ್ನು ಅಳೆಯುವ ಕೋಲು ನಮ್ಮಲ್ಲಿಲ್ಲ ಎಂಬುದು ಅದರ ನಿಲುವು. ಕಾನೂನಿನ ದೃಷ್ಟಿಯಲ್ಲಿ ಅದು ತಪ್ಪೆಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ವೈದ್ಯನ ತಪ್ಪಿಗೆ ಅಳತೆಗೋಲಿದೆ, ಸೇತುವೆ ಕಟ್ಟಿದ ಇಂಜಿನಿಯರನ ತಪ್ಪಿಗೂ ಇದೆ. ಹನ್ನೆರಡು ವರ್ಷ ಕೂಡಿಹಾಕಿ ಓದು ಕಲಿಸದೆ ಕಳುಹಿಸಿದ್ದಕ್ಕೆ ಇಲ್ಲವೆಂದರೆ ಸಮಾಜ ಯೋಚಿಸಬೇಕಾಗುತ್ತದೆ.

ಅಳತೆಗೋಲು ನಿಜಕ್ಕೂ ಇರಲಿಲ್ಲವೇ? ಓದು ಕಲಿಸುವ ವಿಷಯದಲ್ಲಿ ನಿಧಾನವಾಗಿ ಸಿದ್ಧವಾಗುತ್ತಿತ್ತು. ಇಂಗ್ಲಿಷನ್ನು ಅಕ್ಷರ ಮತ್ತು ಧ್ವನಿಗಳ ಸಂಬಂಧದ ಮೂಲಕ ಕಲಿಸದೆ, ಪದವನ್ನು ಚಿತ್ರದಂತೆ ನೋಡಿ ನೆನಪಿಡಲು ಹೇಳುವುದೇ ಮಕ್ಕಳಿಗೆ ಓದು ಬಾರದಿರಲು ಕಾರಣವೆಂದು ರುಡಾಲ್ಫ್ ಫ್ಲೆಶ್ 1955ರಲ್ಲೇ ಗದರಿದ್ದರು. 1967ರಲ್ಲಿ ಕೆನೆತ್ ಗುಡ್‌ಮನ್, ಓದುವುದೆಂದರೆ ಒಂದು ಬಗೆಯ ಊಹೆಯ ಆಟ ಎಂಬ ವಾದ ಮಂಡಿಸಿದರು. ತಿಳಿಯದ ಪದ ಬಂದರೆ ಚಿತ್ರ ನೋಡು, ಸಂದರ್ಭ ನೋಡು, ಮೊದಲ ಅಕ್ಷರ ನೋಡಿ ಊಹಿಸು ಎಂಬ ಕ್ರಮ ತರಗತಿಗಳಿಗೆ ಹರಡಿತು. ಅಕ್ಷರ ಮತ್ತು ಧ್ವನಿಯ ಸಂಬಂಧವನ್ನು ಕ್ರಮವಾಗಿ ಕಲಿಸುವುದು ಫಲಕಾರಿ ಎಂದು 2000ದಲ್ಲಿ ಅಮೆರಿಕದ ರಾಷ್ಟ್ರೀಯ ವಾಚನ ಮಂಡಳಿ ಹಲವಾರು ಅಧ್ಯಯನಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು. ಇಂಗ್ಲೆಂಡಿನಲ್ಲಿ 2006ರ ರೋಸ್ ವರದಿಯೂ ಅದೇ ದಾರಿ ತೋರಿಸಿತು. ಆದರೂ ಊಹೆಯ ಪಾಠ ಎಷ್ಟೋ ಶಾಲೆಗಳಲ್ಲಿ ಮುಂದುವರಿದೇ ಇತ್ತು ಎಂಬುದನ್ನು ಪತ್ರಕರ್ತೆ ಎಮಿಲಿ ಹ್ಯಾನ್‌ಫರ್ಡ್ 2022ರ ತಮ್ಮ ಧ್ವನಿಸರಣಿಯಲ್ಲಿ ಬಿಚ್ಚಿಟ್ಟರು.

ಬದಲಾಯಿಸಿ ನೋಡಿದವರೂ ಇದ್ದಾರೆ. ಅಮೆರಿಕದ ಬಡ ರಾಜ್ಯಗಳಲ್ಲೊಂದಾದ ಮಿಸಿಸಿಪ್ಪಿ 2013ರಲ್ಲಿ ಓದಿನ ಬಗ್ಗೆ ಒಂದು ಕಾನೂನು ಮಾಡಿ, ಶಿಕ್ಷಕರಿಗೆ ಹೊಸದಾಗಿ ತರಬೇತಿ ಕೊಟ್ಟು, ಶಾಲೆಗಳಿಗೆ ಮಾರ್ಗದರ್ಶಕರನ್ನು ಕಳುಹಿಸಿತು. ಓದಿನ ಪಟ್ಟಿಯ ತಳದಲ್ಲಿದ್ದ ಆ ರಾಜ್ಯದ ನಾಲ್ಕನೆಯ ತರಗತಿಯ ಮಕ್ಕಳು 2019ರ ಹೊತ್ತಿಗೆ ರಾಷ್ಟ್ರದ ಸರಾಸರಿಯನ್ನು ಮುಟ್ಟಿದರು. ಮೂರನೆಯ ತರಗತಿಯಲ್ಲಿ ಓದು ಬಾರದವರನ್ನು ಅಲ್ಲೇ ಉಳಿಸಿಕೊಳ್ಳುವ ನಿಯಮವೂ ಅದರಲ್ಲಿತ್ತು, ಆ ಬಗ್ಗೆ ಆಕ್ಷೇಪಗಳಿವೆ. ಅದೇನೇ ಇರಲಿ, ಆರು ವರ್ಷಗಳಲ್ಲಿ ಮಕ್ಕಳ ಮಿದುಳೇನೂ ಬದಲಾಗಿರಲಿಲ್ಲ. ಅವರ ಮನೆಗಳ ಬಡತನವೂ ಕರಗಿರಲಿಲ್ಲ. ಬದಲಾದದ್ದು ಶಾಲೆ ನಡೆದುಕೊಂಡ ರೀತಿ.

ಹಾಗಾದರೆ ಡಿಸ್‌ಲೆಕ್ಸಿಯಾ ಎಂಬುದೇ ಸುಳ್ಳೇ? ಖಂಡಿತ ಅಲ್ಲ. ಇಲ್ಲಿಯೇ ಈ ಹೊಸ ಪದವನ್ನೂ ನಾವು ವಿಮರ್ಶೆಗೆ ಒಡ್ಡಬೇಕು. ಡಿಸ್‌ಲೆಕ್ಸಿಯಾ ಕುಟುಂಬಗಳಲ್ಲಿ ಹರಿದುಬರುತ್ತದೆ ಎಂಬುದಕ್ಕೂ ಓದುವಾಗ ಅಂಥವರ ಮಿದುಳು ಬೇರೆ ರೀತಿ ಕೆಲಸ ಮಾಡುತ್ತದೆ ಎಂಬುದಕ್ಕೂ ಸಾಕಷ್ಟು ಸಾಕ್ಷ್ಯವಿದೆ. ಫ್ರ್ಯಾಂಕ್ ವೆಲ್ಯುಟಿನೋ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಈ ಎರಡನ್ನೂ ಚೆನ್ನಾಗಿ ಬೇರ್ಪಡಿಸುತ್ತದೆ. ಓದಿನಲ್ಲಿ ತೀರಾ ಹಿಂದಿದ್ದ ಮಕ್ಕಳಿಗೆ ಅವರು ದಿನವೂ ಒಬ್ಬೊಬ್ಬರಿಗೇ ಪಾಠ ಹೇಳಿಸಿದರು. ಒಂದೇ ಅವಧಿಯಲ್ಲಿ ಹೆಚ್ಚಿನವರು ಸಾಮಾನ್ಯ ಮಟ್ಟಕ್ಕೆ ಬಂದರು. ಒಂದು ಸಣ್ಣ ಗುಂಪು ಮಾತ್ರ ಆಮೇಲೂ ಹೆಣಗುತ್ತಿತ್ತು. ಮೊದಲ ಗುಂಪಿಗೆ ಬೇಕಿದ್ದದ್ದು ಸರಿಯಾದ ಪಾಠ, ಎರಡನೆಯ ಗುಂಪಿಗೆ ಬೇಕಾದದ್ದು ಇನ್ನೂ ಹೆಚ್ಚಿನ, ಇನ್ನೂ ತಾಳ್ಮೆಯ ಪಾಠ. ಚೆನ್ನಾಗಿ ಕಲಿಸದೆ ಇಬ್ಬರನ್ನೂ ಬೇರ್ಪಡಿಸುವುದೇ ಕಷ್ಟ. ಆದ್ದರಿಂದ ಕೆಟ್ಟ ಬೋಧನೆಯಿಂದ ಮೊದಲು ಮೋಸಹೋಗುವವರು ನಿಜವಾದ ಡಿಸ್‌ಲೆಕ್ಸಿಯಾದ ಮಕ್ಕಳೇ. ಗದ್ದಲದಲ್ಲಿ ಅವರ ದನಿ ಕೇಳಿಸದೆ ಹೋಗುತ್ತದೆ.

ಎರಡನೆಯ ಆಕ್ಷೇಪ ಶಿಕ್ಷಕರನ್ನು ಕುರಿತದ್ದು. ಡಿಸ್‌ಟೀಚಿಯಾ ಎಂಬ ಮಾತು ಕೇಳಿದೊಡನೆ ಬೆರಳು ತರಗತಿಯಲ್ಲಿ ನಿಂತಿರುವ ವ್ಯಕ್ತಿಯತ್ತ ತಿರುಗುತ್ತದೆ. ಇದು ಅನ್ಯಾಯ. ಊಹಿಸಿ ಓದಿಸು ಎಂದು ಅಮೆರಿಕದ ಶಿಕ್ಷಕಿಗೆ ಕಲಿಸಿದ್ದು ಅವಳು ಓದಿದ ತರಬೇತಿ ಕಾಲೇಜು, ಅವಳ ಕೈಗಿತ್ತದ್ದು ಪ್ರಕಾಶಕರ ಕೈಪಿಡಿ, ಕೊಂಡದ್ದು ಆಡಳಿತ. ಅವಳು ತನಗೆ ಕಲಿಸಿದ್ದನ್ನು ನಿಷ್ಠೆಯಿಂದ ಮಾಡಿದಳು. ಮಗುವಿನ ಹಣೆಯ ಮೇಲಿದ್ದ ಚೀಟಿಯನ್ನು ಕಿತ್ತು ಶಿಕ್ಷಕಿಯ ಹಣೆಗೆ ಅಂಟಿಸಿದರೆ ಸಾಧಿಸಿದ್ದೇನು? ಪೈಡಗೊಗೊಸ್ ಗುಲಾಮನಾಗಿದ್ದ ಎಂಬುದನ್ನು ನೆನೆಯೋಣ. ದಾರಿಯನ್ನು ಆರಿಸುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಇಂದಿನ ಶಿಕ್ಷಕರಿಗೂ ಎಷ್ಟೋ ಕಡೆ ಇಲ್ಲ.

ಈ ವಿವೇಕ ಕೊನೆಗೆ ಕಾನೂನಿಗೂ ಬಂತು. ಓದುವುದನ್ನು ಸೂಕ್ತವಾಗಿ ಕಲಿಸದಿರುವುದೇ ಮುಖ್ಯ ಕಾರಣವಾಗಿದ್ದರೆ ಮಗುವನ್ನು ನ್ಯೂನತೆಯುಳ್ಳದ್ದೆಂದು ನಿರ್ಧರಿಸಕೂಡದು ಎಂದು ಅಮೆರಿಕದ 2004ರ ತಿದ್ದುಪಡಿ ಹೇಳುತ್ತದೆ. ಕೋಹೆನ್ ಅವರ ಪದ ನಿಘಂಟು ಸೇರಲು ತಿಣುಕುತ್ತಿರುವಾಗ ಅದರ ಅರ್ಥ ಮಾತ್ರ ಸದ್ದಿಲ್ಲದೆ ಶಾಸನ ಸೇರಿತು. ಪದಕ್ಕೆ ಇದಕ್ಕಿಂತ ದೊಡ್ಡ ಸಾರ್ಥಕತೆ ಬೇಕೇ?

ಇನ್ನು ನಮ್ಮ ಅಂಗಳಕ್ಕೆ ಬರೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನು 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿತು. ಅದಕ್ಕೆ ಮುಂಚೆ, 2015ರಲ್ಲಿ, ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಸಿದ್ಧಪಡಿಸಿದ ‘ಡಾಲಿ’ ಎಂಬ ಪರೀಕ್ಷಾ ಸಾಧನ ಬಂತು. ಹಿಂದಿ, ಮರಾಠಿ, ಇಂಗ್ಲಿಷ್‌ಗಳ ಜೊತೆಗೆ ಕನ್ನಡದಲ್ಲೂ ಡಿಸ್‌ಲೆಕ್ಸಿಯಾವನ್ನು ಗುರುತಿಸಲು ಅದು ನೆರವಾಗುತ್ತದೆ. ಇದು ಸ್ವಾಗತಾರ್ಹ. ಕನ್ನಡದ ಮಗುವನ್ನು ಇಂಗ್ಲಿಷಿನ ಗಜಕಡ್ಡಿಯಿಂದ ಅಳೆಯುವುದು ಡಯಾನಾ ಮಕ್ಕಳಿಗೆ ಮಾಡಿದ ತಪ್ಪನ್ನೇ ಮರಳಿ ಮಾಡಿದಂತೆ. ಕನ್ನಡ ಲಿಪಿಯ ಗುಣವೇ ಬೇರೆ. ಬರೆದಂತೆ ಓದಬಹುದು ಎಂಬುದು ಅನುಕೂಲ. ಆದರೆ ಮೂಲಾಕ್ಷರ, ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಕಲಿಯಬೇಕಾದ ರೂಪಗಳು ನೂರಾರು. ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಗ್ಲಿಷ್ ಅಕ್ಷರಗಳಿಗೆ ಹಿಡಿಯುವುದಕ್ಕಿಂತ ಹೆಚ್ಚು ವರ್ಷ ಕನ್ನಡದ ಅಕ್ಷರಗಳನ್ನು ಕರಗತ ಮಾಡಿಕೊಳ್ಳಲು ಬೇಕು. ಒಂದನೆಯ ತರಗತಿಯ ಕೊನೆಗೇ ಎಲ್ಲ ಒತ್ತಕ್ಷರವೂ ಬರಬೇಕೆಂದು ಪಟ್ಟು ಹಿಡಿದರೆ ದೋಷ ಯಾರದು?

ಬೋಧನೆಯನ್ನೇ ತಿದ್ದಿಕೊಂಡ ಉದಾಹರಣೆಯೂ ನಮ್ಮಲ್ಲಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರಲ್ಲಿ ಆರಂಭವಾದ ‘ನಲಿ ಕಲಿ’ಯಲ್ಲಿ ಮಕ್ಕಳು ಅ, ಆ, ಇ, ಈ ಎಂಬ ಶಾಸ್ತ್ರದ ಕ್ರಮದಲ್ಲಿ ಅಕ್ಷರ ಕಲಿಯಲಿಲ್ಲ. ರ, ಗ, ಸ, ದ, ಅ ಎಂದು ಸುಲಭ ಆಕಾರದ ಅಕ್ಷರಗಳಿಂದ ಹೊರಟು, ಕಲಿತಷ್ಟರಲ್ಲೇ ಪದ ಕಟ್ಟುತ್ತ ಸಾಗಿದರು. ವರ್ಣಮಾಲೆ ವೈಯಾಕರಣರಿಗೆ ಸುಂದರ, ಆದರೆ ಬಳಪ ಹಿಡಿದ ಮಗುವಿನ ಬೆರಳಿಗೆ ‘ಇ’, ‘ಈ’, ‘ಋ’ಗಳು ಬೆಟ್ಟ. ಮಗುವಿನ ಬೆರಳನ್ನು ನೋಡಿ ಪಾಠವನ್ನು ಬದಲಿಸಿದರಲ್ಲ, ಅದು ಡಿಸ್‌ಪೆಡಗೋಜಿಯಾಕ್ಕೆ ಮದ್ದು. ನಲಿ ಕಲಿಗೂ ಕೊರತೆಗಳಿರಬಹುದು. ಆದರೆ ಡೊಂಕು ನೆಲದಲ್ಲಲ್ಲ, ಹೆಜ್ಜೆಯಲ್ಲಿ ಎಂದು ಒಪ್ಪಿಕೊಂಡ ವಿನಯ ಅದರ ಮೂಲದಲ್ಲಿದೆ.

ಇನ್ನೂ ಕಲಿಯಬೇಕಾದದ್ದು ಮನೆಮಾತಿನ ವಿಷಯದಲ್ಲಿ. ಬ್ಯಾರಿ, ತುಳು, ಉರ್ದು, ಕೊಂಕಣಿ, ಲಂಬಾಣಿ ಆಡುವ ಮನೆಗಳಿಂದ ಬರುವ ಮಗು ಕನ್ನಡದ ಅಥವಾ ಇಂಗ್ಲಿಷಿನ ತರಗತಿಯಲ್ಲಿ ಮೊದಲ ದಿನದಿಂದಲೇ ಎರಡು ಕೆಲಸ ಮಾಡುತ್ತಿರುತ್ತದೆ. ಅಕ್ಷರವನ್ನೂ ಕಲಿಯಬೇಕು, ಅದು ಹೇಳುವ ಭಾಷೆಯನ್ನೂ ಕಲಿಯಬೇಕು. ತನ್ನದಲ್ಲದ ಮಾತಿನಲ್ಲಿ ಕೇಳಿದ ಪ್ರಶ್ನೆಗೆ ಅದು ಸುಮ್ಮನಿದ್ದರೆ ಅದನ್ನು ‘ಮಂಕು’ ಎಂದು ಬರೆದುಕೊಳ್ಳುತ್ತೇವೆ. ಮನೆಯ ಮಾತಿನಲ್ಲಿ ಕತೆ ಹೇಳು ಎಂದರೆ ಅದೇ ಮಗು ತರಗತಿಯನ್ನೇ ನಗಿಸೀತು.

ಇದೆಲ್ಲ ಹೊಸ ಕಾಲದ ಅರಿವು ಎಂದು ಭಾವಿಸಬೇಕಿಲ್ಲ. ಉತ್ತರ ಆಫ್ರಿಕದ ಇತಿಹಾಸಕಾರ ಇಬ್ನ್ ಖಲ್ದೂನ್ 1377ರಲ್ಲಿ ಬರೆದ ‘ಮುಕದ್ದಿಮಾ’ದಲ್ಲಿ ಬೋಧನೆಯ ದೋಷಗಳಿಗೆಂದೇ ಕೆಲವು ಅಧ್ಯಾಯಗಳಿವೆ. ವಿಷಯವನ್ನು ಹಂತಹಂತವಾಗಿ, ಮೂರು ಸುತ್ತುಗಳಲ್ಲಿ ಕಲಿಸಬೇಕು, ಮೊದಲ ದಿನವೇ ಕಠಿಣ ಸಮಸ್ಯೆಗಳನ್ನು ಮುಂದಿಟ್ಟರೆ ಕಲಿಯುವವನ ಮನಸ್ಸು ಹಿಮ್ಮೆಟ್ಟುತ್ತದೆ, ಸಂಕ್ಷಿಪ್ತ ಪಠ್ಯಗಳನ್ನು ಬಾಯಿಪಾಠ ಮಾಡಿಸುವುದು ವಿದ್ಯೆಗೇ ಹಾನಿ ಎಂಬುದು ಅವನ ವಾದ. ಕ್ರೌರ್ಯದಿಂದ ಕಲಿಸಿದರೆ ಮಗು ಸುಳ್ಳು ಮತ್ತು ಸೋಮಾರಿತನವನ್ನು ಕಲಿಯುತ್ತದೆ ಎಂದೂ ಅವನು ಎಚ್ಚರಿಸಿದ್ದ. ಅವನಿಗೆ ಗ್ರೀಕ್ ಪದ ಬೇಕಾಗಲಿಲ್ಲ. ಕಲಿಯುವವನ ಮುಖವನ್ನು ನೋಡುವ ಕಣ್ಣಿತ್ತು, ಅಷ್ಟೇ.

ಹಾಗೆಂದು ನಾವೂ ಡಿಸ್‌ಪೆಡಗೋಜಿಯಾ ಎಂಬ ಈ ನಾಲಿಗೆ ಹೊರಳದ ಪದವನ್ನು ಕನ್ನಡಕ್ಕೆ ತಂದುಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ‘ಬೋಧನಾದೋಷ’ ಎಂದರೂ ಸಾಕು. ಆದರೆ ಪದದ ಹಿಂದಿರುವ ಕ್ರಮ ನಮಗೆ ಬೇಕು. ಮಗುವಿಗೆ ಹೆಸರಿಡುವ ಮೊದಲು ಮೂರು ಪ್ರಶ್ನೆಗಳನ್ನು ಕೇಳೋಣ. ಅದಕ್ಕೆ ಅರ್ಥವಾಗುವ ಮಾತಿನಲ್ಲಿ ಕಲಿಸಿದ್ದೇವೆಯೇ? ಸುಲಭದಿಂದ ಕಠಿಣಕ್ಕೆ ಕ್ರಮವಾಗಿ, ಬೇಕಾದಷ್ಟು ಸಲ ಕಲಿಸಿದ್ದೇವೆಯೇ? ಒಂದು ರೀತಿ ಫಲಿಸದಾಗ ಇನ್ನೊಂದು ರೀತಿಯನ್ನು ಪ್ರಯತ್ನಿಸಿದ್ದೇವೆಯೇ? ಮೂರಕ್ಕೂ ‘ಹೌದು’ ಎನ್ನಬಲ್ಲವರು ಆಮೇಲೆ ತಜ್ಞರ ಬಳಿ ಹೋಗಲಿ, ಅಲ್ಲಿ ಮಗುವಿಗೆ ನಿಜವಾದ ನೆರವು ಸಿಗುತ್ತದೆ. ‘ಇಲ್ಲ’ ಎನ್ನುವವರು ಮತ್ತೊಮ್ಮೆ ತರಗತಿಗೇ ಹೋಗಲಿ. ಶಿಕ್ಷಕರು ಮಾತ್ರವಲ್ಲ, ಪಠ್ಯ ಬರೆಯುವವರು, ತರಬೇತಿ ಕೊಡುವವರು, ಅರವತ್ತು ಮಕ್ಕಳಿಗೆ ಒಬ್ಬರನ್ನೇ ನೇಮಿಸಿ ಫಲಿತಾಂಶ ಕೇಳುವವರು, ‘ನಮ್ಮ ಮಗನ ತಲೆಗೆ ಹತ್ತುವುದೇ ಇಲ್ಲ’ ಎಂದು ಮಗನ ಎದುರೇ ನೆಂಟರಿಗೆ ಹೇಳುವ ತಂದೆತಾಯಿಗಳು, ಎಲ್ಲರೂ ಹೋಗಲಿ. ದಡ್ಡ ಎಂಬ ಒಂದು ಮಾತನ್ನು ಹೊತ್ತು ಶಾಲೆ ಬಿಟ್ಟ ಮಕ್ಕಳು ನಮ್ಮ ಸುತ್ತ ಗ್ಯಾರೇಜುಗಳಲ್ಲಿ, ಹೋಟೆಲುಗಳಲ್ಲಿ, ಮೀನಿನ ಬಂದರುಗಳಲ್ಲಿ ದೊಡ್ಡವರಾಗಿದ್ದಾರೆ. ಇಂಜಿನ್ನು ಬಿಚ್ಚಿ ಜೋಡಿಸುವ, ಬಾಯಲ್ಲೇ ಲೆಕ್ಕ ಹಾಕುವ, ನಾಲ್ಕು ಭಾಷೆ ಆಡುವ ಆ ಕೈಗಳಿಗೆ, ಆ ನಾಲಿಗೆಗಳಿಗೆ ಓದು ಮಾತ್ರ ಏಕೆ ಬರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅವರಲ್ಲ.